ಕೂಲಿಯವನ ಬೆನ್ನಿಗೆ ಕಾವಲು ಯಾರು?

ಕಾರ್ಮಿಕರ ಸುರಕ್ಷೆ ಹಾಗೂ ಆರೋಗ್ಯಕ್ಕೆ ಸಂಬಂಧಿಸಿದ 2020ರ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ತೋಟಗಳಲ್ಲಿ ಕೀಟನಾಶಕಗಳನ್ನು ಬಳಸುವ, ಸಂಗ್ರಹಿಸುವ, ಸಾಗಿಸುವ ಕೆಲಸದಲ್ಲಿ ಕೂಲಿಕಾರರ ಸುರಕ್ಷತೆಗೆ ಮಾಲಿಕನೇ ಏರ್ಪಾಡು ಮಾಡತಕ್ಕದ್ದೆಂದು ಅದರಲ್ಲಿ ವಿಧಿಸಲಾಗಿದೆ. ಇದು ಸ್ವಾಗತಾರ್ಹವೇ. ಆದರೆ ಈ ವಿಧಿಯು ಅನ್ವಯಿಸುವುದು ಐದು ಹೆಕ್ಟೇರಿಗೆ ಕಡಿಮೆಯಿಲ್ಲದ ತೋಟಗಳಿಗೆ ಮಾತ್ರ. ಚಹಾ, ಕಾಫಿ, ರಬ್ಬರ್, ಏಲಕ್ಕಿಯಂಥ ಕೆಲವು ಬೆಳೆಗಳ ಹೊರತು ಉಳಿದವುಗಳಿಗೆ ಸರಕಾರದ ಪ್ರತ್ಯೇಕ ಅಧಿಸೂಚನೆಯೂ ಬೇಕು. ಎರಡೆಕರೆ ಹೊಲದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷ ಸಿಂಪಡಿಸುವ ದಿನಗೂಲಿಯವನ ಮೇಲೆ ಅದರ ನೆರಳೂ ಬೀಳದು.

ಹೋಟೆಲಿನ ಮಾಣಿಗೂ ಪೇಢಿಯ ಗುಮಾಸ್ತನಿಗೂ ಈ ವಿಚಾರವೇಕೆ ಎಂದು ವಾಚಕರು ಕೇಳಬಹುದು. ದೇಶದ ಕೀಟನಾಶಕ ಕಾಯಿದೆಯ ಕಥೆ ಆರಂಭವಾದುದೇ ನಮ್ಮ ಮುಂಬಯಿ ಬಂದರಿನಿಂದ. 1958ರಲ್ಲಿ ಇಲ್ಲಿಂದ ಕೊಚ್ಚಿಗೆ ಹೊರಟ ಹಡಗಿನಲ್ಲಿ ಆಹಾರ ಸಾಮಗ್ರಿಯ ಜತೆಗೆ ಪಾರಾಥಿಯಾನ್ ಎಂಬ ಕೀಟನಾಶಕವನ್ನೂ ಹೇರಲಾಗಿತ್ತು. ಸೋರಿದ ವಿಷವು ಹಿಟ್ಟಿಗೆ ಸೇರಿತು. ಅದನ್ನುಂಡ ನೂರಕ್ಕೂ ಹೆಚ್ಚು ಜನ ಅಸುನೀಗಿದರು. ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಶಾ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವು ನೇಮಕವಾಯಿತು. ಆ ದುರಂತದ ಫಲವಾಗಿ 1968ರಲ್ಲಿ ಕಾಯಿದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು.

ನಿಯಮಗಳಲ್ಲಿ ಕೊರತೆಯಿದೆಯೆಂದು ಮೇಲ್ನೋಟಕ್ಕೆ ತೋರದು. ಮೈಮುಚ್ಚುವ ಉಡುಪು, ಅರ್ಧ ಮುಂಗೈವರೆಗಿನ ರಬ್ಬರ್ ಗವಸು, ಧೂಳು ಹೊಗದ ಕನ್ನಡಕ, ಬೂಟು, ಉಸಿರಾಟಕ್ಕೆ ರಕ್ಷಣೆಯ ಸಾಧನ ಎಲ್ಲವೂ ಅಲ್ಲಿ ಉಲ್ಲೇಖಗೊಂಡಿವೆ. ಡಬ್ಬಿಯ ಮೇಲಿನ ತ್ರಿಕೋನವು ಕೆಂಪಾಗಿದ್ದರೆ ಅತ್ಯುಗ್ರ ವಿಷ. ಅನಂತರ ಹಳದಿ, ನೀಲಿ, ಕೊನೆಗೆ ಹಸಿರು. ಆದರೆ ವಿಷ ಮುಟ್ಟುವವನಿಗೆ ತಕ್ಕ ರಕ್ಷಣೆ ಇರತಕ್ಕದ್ದು ಎನ್ನುವ ಆ ವಾಕ್ಯದಲ್ಲಿ ಕರ್ತೃಪದವೇ ಇಲ್ಲ. ಆ ಉಡುಪನ್ನು ಕೊಳ್ಳತಕ್ಕವರು ಯಾರು? ಕಂಪೆನಿಯೋ, ಅಂಗಡಿಯವನೋ, ಹೊಲದ ಯಜಮಾನನೋ, ದಿನದ ಕೂಲಿಯನ್ನೇ ನಂಬಿದ ಕೂಲಿಕಾರನೋ?

ಇದರ ಬೆಲೆಯನ್ನು ತೆತ್ತವರು ನಮ್ಮ ರಾಜ್ಯದವರೇ ಆದ ಯವತಮಾಳದ ಕೂಲಿಕಾರರು. 2017ರ ಮಳೆಗಾಲದಲ್ಲಿ ಅಲ್ಲಿ ಹತ್ತಿಯ ಗಿಡಗಳು ಆಳೆತ್ತರಕ್ಕೆ ಬೆಳೆದಿದ್ದವು. ಹೊಡೆದ ವಿಷದ ಹನಿಗಳು ಮುಖದ ಮೇಲೆಯೇ ಬಿದ್ದವು. ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಉಡುಪು ಧರಿಸದ ಕೂಲಿಕಾರರದೇ ತಪ್ಪು ಎಂದವರೂ ಉಂಟು. ಉರಿಬಿಸಿಲಿನಲ್ಲಿ ಪಂಪಿನ ಲೆಕ್ಕಕ್ಕೆ ದುಡಿಯುವವನು, ಯಾರೂ ಕೊಡದ ಗವಸನ್ನು ಎಲ್ಲಿಂದ ಧರಿಸಬೇಕು?

ಹಾಗೆಂದು ಮಾಲಿಕನು ದೊಡ್ಡವನಾದರೆ ಸಾಕೆಂದು ತಿಳಿಯುವಂತಿಲ್ಲ. ಕಾಸರಗೋಡಿನಲ್ಲಿ ಗೇರುತೋಟಗಳ ಒಡೆತನ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನದಾಗಿತ್ತು. ಹೆಲಿಕಾಪ್ಟರಿನಿಂದ ಸಿಂಪಡಿಸುವ ಮುನ್ನ ಜನರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ-ಜಾನುವಾರು ಒಳಬಾರದಂತೆ ತಡೆಯಬೇಕು ಎಂಬ ನಿಯಮವೂ ಇತ್ತು. ಆದರೂ 2000ದ ತನಕ ಎರಡು ದಶಕಗಳಿಗೂ ಮಿಕ್ಕಿ, ಮನೆ, ಬಾವಿ, ತೋಡುಗಳ ನಡುವೆ ಎಂಡೋಸಲ್ಫಾನ್ ಸುರಿಯಿತು. ವಾಣೀನಗರದ ವೈದ್ಯ ಡಾ. ಮೋಹನ ಕುಮಾರರು, ಪತ್ರಕರ್ತ ಶ್ರೀಪಡ್ರೆಯವರು ಮೊದಲಾದವರು ದನಿಯೆತ್ತಿದರು. ಸುಪ್ರೀಂ ಕೋರ್ಟು 2011ರ ಮೇ 13ರಂದು ಆ ವಿಷವನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ 2017ರ ಜನವರಿಯಲ್ಲಿ ಆಜ್ಞಾಪಿಸಿತು. ಹಣ ಬಂದರೂ ಹೋದ ಆರೋಗ್ಯ ಬರುವುದೇ?

ಹಲವು ವರ್ಷ ಹೋಟೆಲು ನಡೆಸಿದ ನಮಗೆ ಇತರರತ್ತ ಬೆರಳು ತೋರುವ ಅಧಿಕಾರ ಪೂರ್ಣವಾಗಿ ಇಲ್ಲ. ಒಂದು ರಾತ್ರಿ ಜಿರಲೆಯ ಕಾಟಕ್ಕೆ ಅಡಿಗೆಮನೆಗೆ ಔಷಧ ಹೊಡೆಯಿಸಿ, ಗಲ್ಲಾಕ್ಕೆ ಬೀಗ ಹಾಕಿ ಮನೆಗೆ ಹೋದೆವು. ಹುಡುಗರು ಎಂದಿನಂತೆ ಅಲ್ಲಿಯೇ ಚಾಪೆ ಬಿಚ್ಚಿದರು. ಬೆಳಗಾಗುವಾಗ ಇಬ್ಬರಿಗೆ ತಲೆಸುತ್ತು, ವಾಂತಿ. ಪಾತ್ರೆಗಳನ್ನು ಮುಚ್ಚಿಡಲು ನಾವು ಹೇಳಿದ್ದೆವು. ಹುಡುಗರು ಎಲ್ಲಿ ಮಲಗುವರೆಂದು ಕೇಳಿರಲಿಲ್ಲ.

ನಮ್ಮ ವಾಚಕರಲ್ಲಿ ಅನೇಕರು ಇಲ್ಲಿ ನೌಕರರು, ಊರಿನಲ್ಲಿ ಧಣಿಗಳು. ಇಲ್ಲಿಂದ ಕಳುಹಿಸಿದ ಹಣದಲ್ಲಿಯೇ ಅಲ್ಲಿ ತೋಟಕ್ಕೆ ಮದ್ದು ಬೀಳುತ್ತದೆ. ಆ ಹಣದೊಡನೆ ಒಂದು ಜತೆ ಗವಸು, ಬೂಟು, ಕನ್ನಡಕದ ಖರ್ಚನ್ನೂ ಕಳುಹಿಸಿರಿ. ಗಾಳಿಗೆ ಎದುರಾಗಿ ಸಿಂಪಡಿಸದಂತೆ, ಕೈ ತೊಳೆಯದೆ ಉಣ್ಣದಂತೆ, ಬೀಡಿ ಸೇದದಂತೆ ಹೇಳಿಸಿರಿ. ಖಾಲಿ ಡಬ್ಬಿ ಅಡಿಗೆಮನೆ ಸೇರದಿರಲಿ. ಯಾರಾದರೂ ಅಸ್ವಸ್ಥರಾದರೆ ಡಬ್ಬಿಯ ಚೀಟಿಯನ್ನೂ ವೈದ್ಯರ ಬಳಿಗೆ ಒಯ್ಯಲಿ.

ಸರಕಾರವು ಸಣ್ಣ ಹಿಡುವಳಿಯ ಕೂಲಿಕಾರನನ್ನೂ ಸಂಹಿತೆಯ ರಕ್ಷಣೆಯೊಳಗೆ ತರಬೇಕು. ವಿಷ ಮಾರುವ ಕಂಪೆನಿಯೇ ಡಬ್ಬಿಯೊಡನೆ ಗವಸನ್ನೂ ಕೊಡುವಂತೆ ಕಟ್ಟು ಮಾಡಬೇಕು. ಅದಾಗುವವರೆಗೆ ಆ ವಾಕ್ಯದ ಕರ್ತೃಸ್ಥಾನದಲ್ಲಿ ನಿಲ್ಲಬೇಕಾದವರು ಕೂಲಿ ಕೊಡುವ ನಾವೇ.