‘ಸಾಕು’ ಎನ್ನಲು ಕಲಿತ ಊರು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಬೆಲ್ಜಿಯಂ ದೇಶದಲ್ಲಿ ಬ್ರೂಜ್ ಅಂತ ಒಂದು ಹಳೆಯ ಕಾಲುವೆ ಊರಿದೆ. ಅಲ್ಲಿನವರ ಬಾಯಲ್ಲಿ ಅದು ಬ್ರುಗ್ಗೆ. ಎಂಥ ಪ್ರವಾಸಿಗರು ಕಡಿಮೆಯಾದರೆ ಒಳ್ಳೆಯದು ಅಂತ ಆ ಊರು ಹೇಳುತ್ತಿದೆಯೋ, ನಾವು ಅಂಥವರೇ. ಬೆಳಿಗ್ಗೆ ರೈಲಿಗೆ ಬಂದು, ಫೋಟೊ ತೆಗೆದುಕೊಂಡು, ಸಂಜೆ ರೈಲಿಗೆ ವಾಪಸ್ ಹೋದವರು.

ಬ್ರಸೆಲ್ಸ್‌ನಲ್ಲಿ ಕೆಲಸಕ್ಕಿರುವ ಭಾವನ ಮನೆಗೆ ಹತ್ತು ದಿನ ಹೋಗಿದ್ದೆವು. ಅಲ್ಲಿಂದ ಬ್ರೂಜ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಚೀಲದಲ್ಲಿತ್ತು. ನಿಲ್ದಾಣದಿಂದ ಇಪ್ಪತ್ತು ನಿಮಿಷ ನಡೆದರೆ ಪೇಟೆ ಚೌಕ. ದಾರಿಯ ಉದ್ದಕ್ಕೂ ಇಟ್ಟಿಗೆ ಮನೆಗಳು, ಕಲ್ಲು ಹಾಸಿದ ಬೀದಿ, ಸೇತುವೆಯ ಕೆಳಗೆ ಹಸಿರು ಬಣ್ಣದ ನಿಂತಂತಿರುವ ನೀರು.

ಚೌಕದಲ್ಲಿ 83 ಮೀಟರ್ ಎತ್ತರದ ಗಂಟೆ ಗೋಪುರವಿದೆ. 366 ಮೆಟ್ಟಿಲು. ಮೇಲೆ ಹೋದಂತೆ ಮೆಟ್ಟಿಲು ಎಷ್ಟು ಕಿರಿದಾಗುತ್ತದೆ ಅಂದರೆ, ಇಳಿಯುವವರು ಎದುರಾದರೆ ಗೋಡೆಗೆ ಅಂಟಿ ನಿಲ್ಲಬೇಕು. ಆಮೇಲೆ ಅರ್ಧ ಗಂಟೆಯ ದೋಣಿ ಸವಾರಿ. ಅದಕ್ಕೂ ಸಾಲು. ನಮ್ಮ ಮುಂದಿನವರು, ಹಿಂದಿನವರು, ನಾವು, ಎಲ್ಲರೂ ಒಂದೇ ತಿರುವಿನಲ್ಲಿ ಫೋನ್ ಎತ್ತಿದೆವು. ‘ಎಷ್ಟು ಹಳೇದು ನೋಡು’ ಅಂತ ನಾವು ಬಾಯಿಬಿಟ್ಟು ನೋಡಿದ ಬೋನಿಫಾಸಿಯಸ್ ಸೇತುವೆಗೆ ನೂರು ವರ್ಷ ದಾಟಿ ಹೆಚ್ಚು ಕಾಲವಾಗಿಲ್ಲ ಅಂತ ಆಮೇಲೆ ತಿಳಿಯಿತು. ಅವಸರದಲ್ಲಿ ನೋಡಿದರೆ ಆಗುವುದೇ ಹೀಗೆ.

ಈ ಊರು ಇಷ್ಟು ಚಂದ ಉಳಿದದ್ದು ಹೇಗೆ? ಉತ್ತರ ವಿಚಿತ್ರವಾಗಿದೆ: ಬಡತನದಿಂದ.

1134ರಲ್ಲಿ ಬಂದ ಸಮುದ್ರದ ಬಿರುಗಾಳಿ ನೆಲ ಕೊರೆದು ಜ್ವಿನ್ ಎಂಬ ಕಡಲ ಹಾದಿ ತೆರೆಯಿತಂತೆ. ಅದನ್ನೇ ನಂಬಿ ಬ್ರೂಜ್ ಬೆಳೆಯಿತು. ಇಂಗ್ಲೆಂಡಿನ ಉಣ್ಣೆ ಬರುತ್ತಿತ್ತು, ಫ್ಲಾಂಡರ್ಸ್‌ನ ಬಟ್ಟೆ ಹೋಗುತ್ತಿತ್ತು. ಇಟಲಿಯ ವ್ಯಾಪಾರಿಗಳು ಇಲ್ಲಿ ಕೋಠಿ ಇಟ್ಟಿದ್ದರು. ಫಾನ್ ಡೆರ್ ಬ್ಯೂರ್ಸ ಎಂಬ ಮನೆತನದ ವಸತಿಗೃಹದ ಮುಂದೆ ಅವರೆಲ್ಲ ಸೇರುತ್ತಿದ್ದರು. ಷೇರುಪೇಟೆಗೆ ಯುರೋಪಿನ ಹಲವು ಭಾಷೆಗಳಲ್ಲಿರುವ ‘ಬೋರ್ಸ್’ ಎಂಬ ಹೆಸರು ಆ ಮನೆತನದಿಂದಲೇ ಬಂದದ್ದು ಎನ್ನುತ್ತಾರೆ.

ಆಮೇಲೆ ಆ ಹಾದಿಯಲ್ಲಿ ಹೂಳು ತುಂಬಿತು. 1500ರ ಹೊತ್ತಿಗೆ ವ್ಯಾಪಾರ ಆಂಟ್‌ವರ್ಪ್‌ ಕಡೆಗೆ ಹೋಯಿತು. ಹಳೆ ಮನೆ ಕೆಡವಿ ಹೊಸದು ಕಟ್ಟಲು ಬಹಳ ಜನರ ಕೈಯಲ್ಲಿ ಕಾಸಿರಲಿಲ್ಲ. ಮುನ್ನೂರು, ನಾನೂರು ವರ್ಷ ಊರು ಹಾಗೇ ಮಲಗಿತ್ತು. 1892ರಲ್ಲಿ ರೋಡೆನ್‌ಬಾಕ್ ಎಂಬ ಲೇಖಕ ಬರೆದ ಕಾದಂಬರಿಯ ಹೆಸರೇ ‘ಸತ್ತ ಬ್ರೂಜ್’ ಎಂಬ ಅರ್ಥದ್ದು. ಆ ‘ಸತ್ತ’ ಊರನ್ನು ನೋಡಲು ಜನ ಬರತೊಡಗಿದರು. 2000ದಲ್ಲಿ ಹಳೆ ಊರು ಯುನೆಸ್ಕೊ ಪಟ್ಟಿಗೂ ಸೇರಿತು.

ಈಗ ಲೆಕ್ಕ ನೋಡಿ. ಕಾಲುವೆ ಸುತ್ತುವರಿದ ಹಳೆ ಊರಿನಲ್ಲಿ ವಾಸವಿರುವವರು ಸುಮಾರು 20 ಸಾವಿರ. ವರ್ಷಕ್ಕೆ ಬರುವವರು ಸುಮಾರು 80 ಲಕ್ಷ. ಅವರಲ್ಲಿ ಹೆಚ್ಚಿನವರು ನಮ್ಮ ಹಾಗೆ ಒಂದೇ ದಿನಕ್ಕೆ ಬಂದುಹೋಗುವವರು. ಮನೆ ಬಾಗಿಲು ತೆರೆದರೆ ಹೊಸ್ತಿಲ ಮುಂದೆ ಗೈಡ್‌ನ ಕೊಡೆ ಹಿಂದೆ ನಲವತ್ತು ಜನ ನಿಂತಿದ್ದರೆ ಆ ಮನೆಯವರಿಗೆ ಹೇಗನಿಸಬೇಡ?

ಇಲ್ಲಿಯೇ ಬ್ರೂಜ್ ನಮಗೆ ಇಷ್ಟವಾದದ್ದು. ಅದು ‘ಸಾಕು’ ಅಂದಿದೆ. ಹಳೆ ಊರಿನೊಳಗೆ ಹೊಸ ಹೋಟೆಲ್ ತೆರೆಯಲು, ವಾಸದ ಮನೆಯನ್ನು ಪ್ರವಾಸಿಗರ ಬಾಡಿಗೆ ಮನೆ ಮಾಡಲು ಎರಡು ದಶಕಕ್ಕೂ ಹಿಂದಿನಿಂದ ಕಡಿವಾಣವಿದೆ. 2019ರಲ್ಲಿ ನಗರಾಡಳಿತ, ಒಂದು ದಿನದ ಪ್ರವಾಸಕ್ಕೆ ಬನ್ನಿ ಎಂಬ ಜಾಹೀರಾತು ನಿಲ್ಲಿಸುವುದಾಗಿ, ಹತ್ತಿರದ ಜೇಬ್ರುಗ್ಗೆ ಬಂದರಿಗೆ ಒಂದೇ ಹೊತ್ತಿಗೆ ಬರುವ ವಿಹಾರ ಹಡಗುಗಳನ್ನು ಎರಡಕ್ಕೆ ಇಳಿಸುವುದಾಗಿ ಹೇಳಿತು. ಹಳೆ ಊರಿನೊಳಗಿನ ಒಂದು ಬಿಯರ್ ತಯಾರಿಕೆಯವರು 2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಟ್ಯಾಂಕರ್ ಲಾರಿಗಳು ಕಲ್ಲುಬೀದಿಯಲ್ಲಿ ಓಡಾಡುವುದು ಬೇಡ ಅಂತ, ಊರಾಚೆಯ ಬಾಟಲಿ ಘಟಕಕ್ಕೆ 3 ಕಿಲೋಮೀಟರ್‌ಗೂ ಉದ್ದದ ಪೈಪನ್ನು ನೆಲದಡಿ ಹಾಕಿಸಿದರು. ನಮ್ಮಲ್ಲಿ ನೀರಿಗೆ ಪೈಪ್‌ಲೈನ್, ಅಲ್ಲಿ ಬಿಯರ್‌ಗೆ! ನಗು ಬರುತ್ತದೆ. ಆದರೆ ಬೀದಿಗಾಗಿ ಕಾರ್ಖಾನೆ ಬದಲಾಯಿತೇ ಹೊರತು, ಕಾರ್ಖಾನೆಗಾಗಿ ಬೀದಿಯಲ್ಲ.

ಇದಕ್ಕೆ ಎದುರು ಮಾತೂ ಇದೆ, ಅದು ನಮ್ಮ ಮೇಲೇ ಬರುತ್ತದೆ. ರಾತ್ರಿ ಉಳಿಯುವ ಪ್ರವಾಸಿಗರೇ ಬೇಕು ಅಂದರೆ, ಕಾಸಿದ್ದವರೇ ಬೇಕು ಅಂತಲೂ ಆಗುತ್ತದೆ. ಅಲ್ಲಿನ ಒಂದು ರಾತ್ರಿಯ ಕೋಣೆ ಬಾಡಿಗೆ ನಮಗೆ ಭಾರ. ಚಿತ್ರಾನ್ನದ ಡಬ್ಬಿ ಹಿಡಿದು ಹೋದವರಿಂದ ಊರಿಗೆ ಸಿಕ್ಕಿದ್ದು ದೋಣಿ ಟಿಕೆಟ್, ಗೋಪುರದ ಟಿಕೆಟ್, ಎರಡು ಕಾಫಿ. ಹಾಗಂತ ಬಡವರು ಲೋಕ ನೋಡಬಾರದೇ? ವೆನಿಸ್ 2024ರಲ್ಲಿ ಕೆಲವು ದಿನಗಳಿಗೆ, ಒಂದೇ ದಿನಕ್ಕೆ ಬರುವವರಿಂದ 5 ಯುರೋ ಪ್ರವೇಶ ಶುಲ್ಕ ವಸೂಲಿ ಶುರು ಮಾಡಿತು. ಅದು ನಮಗೆ ಸರಿಕಾಣುವುದಿಲ್ಲ. ಊರಿಗೆ ಟಿಕೆಟ್ ಇಟ್ಟರೆ, ಊರು ಪ್ರದರ್ಶನದ ವಸ್ತು ಅಂತ ಒಪ್ಪಿಕೊಂಡ ಹಾಗೆ. ಬ್ರೂಜ್ ಮೊದಲು ಹಿಡಿತ ಹಾಕಿದ್ದು ಹೋಟೆಲ್‌ಗೆ, ಹಡಗಿಗೆ, ಜಾಹೀರಾತಿಗೆ. ಅಂದರೆ ಪ್ರವಾಸಿಯ ಜೇಬಿಗಿಂತ ಮೊದಲು ಪ್ರವಾಸದ ವ್ಯಾಪಾರಕ್ಕೆ. ಈ ದಾರಿಯೇ ಸರಿ ಅನ್ನುತ್ತೇವೆ.

ಕಡಿಮೆ ಕಾಸಿನವರಿಗೂ ದಾರಿಯಿದೆ. ಮಧ್ಯಾಹ್ನದ ಮೇಲೆ ನಾವು ಚೌಕ ಬಿಟ್ಟು ಪೂರ್ವದ ಸಂತ ಅನ್ನಾ ಕೇರಿಯ ಕಡೆ ನಡೆದೆವು. ಹತ್ತೇ ನಿಮಿಷದಲ್ಲಿ ಜನಜಂಗುಳಿ ಮಾಯ. ಕಿಟಕಿಯಲ್ಲಿ ಹೂಕುಂಡ, ಗೋಡೆಗೆ ಒರಗಿಸಿದ ಸೈಕಲ್, ಶಾಲೆ ಬಿಟ್ಟು ಬರುವ ಮಕ್ಕಳು. ಆಚೆ ಹಳೆ ಕೋಟೆ ದಿಬ್ಬದ ಮೇಲೆ ಗಾಳಿಗಿರಣಿಗಳು. ಅಲ್ಲೇ ಹುಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ನಾಯಿ ಕರೆದುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬರು ನಿಂತು, ಏನದು ಹಳದಿ ಅನ್ನ ಅಂತ ಕೇಳಿದರು. ಇಡೀ ದಿನದಲ್ಲಿ ಆ ಊರಿನವರೊಬ್ಬರ ಜೊತೆ ನಾವು ಮಾತಾಡಿದ್ದು ಅದೊಂದೇ ಸಲ. ಈಗಲೂ ಬ್ರೂಜ್ ಅಂದರೆ ಗೋಪುರಕ್ಕಿಂತ ಮೊದಲು ಆ ಅಜ್ಜಿಯೇ ನೆನಪಾಗುತ್ತಾರೆ.

ವಾಪಸ್ ಬಂದ ಮೇಲೆ ನಮ್ಮದೇ ಹಳೆ ವರದಿಗಳನ್ನು ತೆಗೆದು ನೋಡಿದೆವು. ನಮ್ಮ ಜಿಲ್ಲೆಯ ಗಿರಿಧಾಮಕ್ಕೆ ರಜೆಯಲ್ಲಿ ಜನ ಬಂದಾಗಲೆಲ್ಲ ‘ದಾಖಲೆ ಪ್ರವಾಸಿಗರು’ ಅಂತ ಸಂಭ್ರಮದಿಂದ ಬರೆದಿದ್ದೇವೆ. ಆ ರಸ್ತೆ ಬದಿಯ ಊರಿನವರಿಗೆ ಆ ದಿನ ಬಸ್ ಸಿಕ್ಕಿತೇ, ಆಂಬುಲೆನ್ಸ್‌ಗೆ ದಾರಿ ಇತ್ತೇ, ನಲ್ಲಿಯಲ್ಲಿ ನೀರು ಬಂತೇ ಅಂತ ಒಂದು ಸಲವೂ ಕೇಳಿಲ್ಲ. ಬಂದವರನ್ನು ಎಣಿಸಿದೆವು, ಇದ್ದವರನ್ನು ಎಣಿಸಲಿಲ್ಲ. ಮುಂದಿನ ರಜೆಯ ವರದಿಗೆ ಮೊದಲ ಫೋನ್ ಆ ಊರಿನವರಿಗೇ ಮಾಡುತ್ತೇವೆ.