ಕಾಡಿನ ಕಾವಲಿಗೆ ಮುಂದಿನ ತಲೆಮಾರು

2022ರ ಗಣತಿಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸರಾಸರಿ 3,682 ಹುಲಿಗಳಿದ್ದು, ಅವುಗಳಲ್ಲಿ 563 ಕರ್ನಾಟಕದ ಪಾಲಿಗಿವೆ. 2023ರ ಅಂದಾಜಿನಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ 6,395 ಎಂದು ಕಂಡುಬಂದಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಗಿತ್ತು. ಅರ್ಧ ಶತಮಾನದ ಶ್ರಮ ಫಲಿಸಿತೆಂದು ಸಂತೋಷಪಡುವುದು ನ್ಯಾಯವೇ. ಆದರೆ ಮೃಗಗಳನ್ನು ಎಣಿಸಿದ ನಾವು, ಅವನ್ನು ಕಾಯಬೇಕಾದ ಮನುಷ್ಯರನ್ನು ಸಿದ್ಧಪಡಿಸುತ್ತಿದ್ದೇವೆಯೇ?

ಆನೆ ಕೊಡಗಿನ ಕಾಫಿ ತೋಟಕ್ಕಿಳಿದಾಗ, ಚಿರತೆ ಊರಿನ ಕೊಟ್ಟಿಗೆಗೆ ನುಗ್ಗಿದಾಗ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದರಿಂದಲೇ ಕೆಲಸವಾಗದು. ಹೆಜ್ಜೆಯ ಗುರುತು ಬಲ್ಲ ಅರಣ್ಯರಕ್ಷಕ, ಅರಿವಳಿಕೆಯ ಪ್ರಮಾಣ ತಿಳಿದ ಪಶುವೈದ್ಯ, ಪ್ರಾಣಿಗಳ ನಡೆಯನ್ನು ಅಭ್ಯಸಿಸಿದ ವಿಜ್ಞಾನಿ, ರೈತನ ಸಂಕಟವನ್ನು ಕೇಳಬಲ್ಲ ಅಧಿಕಾರಿ, ಇವರೆಲ್ಲರೂ ಬೇಕು.

ವಿದ್ಯಾಲಯಗಳೇನೋ ಇವೆ. ಡೆಹರಾಡೂನಿನಲ್ಲಿ ಅರಣ್ಯಶಾಲೆ ಹುಟ್ಟಿದ್ದು 1878ರಲ್ಲಿ. ಭಾರತೀಯ ವನ್ಯಜೀವಿ ಸಂಸ್ಥೆ ಅಲ್ಲಿಯೇ 1982ರಲ್ಲಿ ಸ್ಥಾಪನೆಯಾಯಿತು. ಕರ್ನಾಟಕದ ಪೊನ್ನಂಪೇಟೆ ಹಾಗೂ ಶಿರಸಿಗಳಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಕೊರತೆಯಿರುವುದು ಬಾಗಿಲಿನ ಅಗಲದಲ್ಲಿ. 1966ರಲ್ಲಿ ರಚಿತವಾದ ಭಾರತೀಯ ಅರಣ್ಯ ಸೇವೆಯ ಮುಖ್ಯ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು. ಜಿಲ್ಲಾಧಿಕಾರಿಯಾಗಬಯಸುವವನು ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಾದರೆ, ಅರಣ್ಯಾಧಿಕಾರಿಗೆ ಅದೇಕೆ ಸಲ್ಲದು? ಬೆಳೆ ಕಳೆದುಕೊಂಡ ರೈತನೊಡನೆ ಆತ ನಾಳೆ ಮಾತನಾಡಬೇಕಾದುದು ಇಂಗ್ಲಿಷಿನಲ್ಲಲ್ಲ.

ಕೆಳಗಿನ ಮೆಟ್ಟಿಲುಗಳ ಸ್ಥಿತಿ ಇನ್ನೂ ಶೋಚನೀಯ. ರಾತ್ರಿಯಿಡೀ ಆನೆ ಕಾಯುವ, ಕಾಡ್ಗಿಚ್ಚಿಗೆ ಎದುರಾಗುವ ಕಾವಲುಗಾರರಲ್ಲಿ ಅನೇಕರು ದಿನಗೂಲಿಯವರು, ಗುತ್ತಿಗೆಯವರು. ಸೋಲಿಗರು, ಜೇನುಕುರುಬರು ತಲೆತಲಾಂತರದಿಂದ ಕಾಡನ್ನು ಓದಿದವರು. ಅವರ ಮಕ್ಕಳು ಕಾವಲುಗಾರರಾಗಿ ಸೇರಿ ಕಾವಲುಗಾರರಾಗಿಯೇ ಮುದುಕರಾಗುವುದಾದರೆ, ಆ ವಿದ್ಯೆಗೆ ನಾವು ಸಲ್ಲಿಸಿದ ಗೌರವವೇನು?

ಪ್ರಮಾಣಪತ್ರವೊಂದನ್ನೇ ನೋಡಿ ಯೋಗ್ಯರನ್ನು ಕಳೆದುಕೊಳ್ಳುವ ರೋಗ ಹಳೆಯದು. ಮುಂಬಯಿಯಲ್ಲಿ 1896ರಲ್ಲಿ ಜನಿಸಿದ ಸಲೀಂ ಅಲಿಯವರಿಗೆ ವಿಶ್ವವಿದ್ಯಾಲಯದ ಪದವಿಯಿಲ್ಲವೆಂದು ಸರಕಾರದ ಪ್ರಾಣಿ ಸಮೀಕ್ಷಾ ಇಲಾಖೆಯಲ್ಲಿ ಪಕ್ಷಿತಜ್ಞನ ಹುದ್ದೆ ದೊರೆಯಲಿಲ್ಲ. ಭಾರತದ ಪಕ್ಷಿಶಾಸ್ತ್ರಕ್ಕೆ ಮುಂದೆ ಅವರೇ ಮೊದಲ ಹೆಸರಾದರು. ಅವರಿಗೆ ಆಸರೆಯಾದುದು 1883ರಲ್ಲಿ ಸ್ಥಾಪಿತವಾದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿ. ಆ ಸಂಸ್ಥೆ ಈಗಲೂ ಪಕ್ಷಿ, ಸಸ್ಯಗಳ ಬಗ್ಗೆ ಆಸಕ್ತರಿಗೆ ಪಾಠಕ್ರಮಗಳನ್ನು ನಡೆಸುತ್ತಿದೆ.

ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿಯುವ ನಮ್ಮ ಬಂಧುಗಳು ಇದನ್ನು ದೊಡ್ಡವರ ಹವ್ಯಾಸವೆಂದು ಬದಿಗಿರಿಸಬಾರದು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತವರ ಪರಂಪರೆ ನಮ್ಮದು. ಕರ್ನಾಟಕದಲ್ಲಿ ಅರಣ್ಯರಕ್ಷಕನ ಹುದ್ದೆಗೆ ಪಿ.ಯು.ಸಿ. ತೇರ್ಗಡೆ ಸಾಕು. ವಿಜ್ಞಾನ ಅಥವಾ ಪಶುವೈದ್ಯ ಪದವಿ ಪಡೆದವರಿಗೆ ಅರಣ್ಯ ಸೇವೆಯ ಪರೀಕ್ಷೆಯೇ ತೆರೆದಿದೆ. ಮಗ ಇಲ್ಲವೆ ಮಗಳು ಪ್ರಾಣಿಶಾಸ್ತ್ರ ಓದುವೆನೆಂದರೆ "ಅದರಿಂದ ಹೊಟ್ಟೆ ತುಂಬೀತೆ?" ಎಂದು ಬಾಯಿ ಮುಚ್ಚಿಸುವ ಮೊದಲು ವಿಚಾರಿಸಿ ನೋಡುವುದು ಹೆತ್ತವರ ಕರ್ತವ್ಯ.

ಸರಕಾರದ ಕರ್ತವ್ಯ ಅದಕ್ಕಿಂತ ಹಿರಿದು. ಪರೀಕ್ಷೆಯಲ್ಲಿ ದೇಶಭಾಷೆಗಳಿಗೆ ಸ್ಥಾನ, ಬಡ ವಿದ್ಯಾರ್ಥಿಗೆ ವೇತನ, ಕಾವಲುಗಾರನಿಗೆ ಖಾಯಂ ನೌಕರಿ, ತರಬೇತಿ ಪಡೆದು ಮೇಲೇರುವ ಏಣಿ — ಇಷ್ಟನ್ನಾದರೂ ಒದಗಿಸಬೇಕು. ಕಾಡಿಗೆ ಬೇಲಿ ಹಾಕುವುದು ಸುಲಭ. ಕಾಡನ್ನು ಅರಿತು ಕಾಯುವವರನ್ನು ಬೆಳೆಸಲು ಒಂದು ತಲೆಮಾರೇ ಬೇಕು. ಆ ಕೆಲಸವನ್ನು ಇಂದೇ ಆರಂಭಿಸದೆ ಗತ್ಯಂತರವಿಲ್ಲ.