ದತ್ತು ಕೂಸನ್ನು ಎತ್ತಿಕೊಂಡರೆ ಚಟ ಹತ್ತೋದಿಲ್ಲ

"ಎತ್ತಿಕೊಂಡ್ ಎತ್ತಿಕೊಂಡ್ ಚಟಾ ಹಚ್ಚಬ್ಯಾಡ್ರಿ, ನಾಳೆ ಕೆಳಗ ಇಳಿಯಾಂಗಿಲ್ಲ" ಎಂಬ ಮಾತು ಜಮಖಂಡಿಯಿಂದ ಬೀಳಗಿವರೆಗೆ ಎಲ್ಲ ಊರಲ್ಲೂ ಕೇಳುತ್ತದೆ. ಹೆತ್ತ ಕೂಸಿಗೆ ಹೇಳಿದರೆ ಅದು ಅಲ್ಲಿಗೇ ಮುಗಿಯಿತು. ಹೇಳಿದ ಅಜ್ಜಿಯೇ ಐದು ನಿಮಿಷ ಬಿಟ್ಟು ತಾನೇ ಎತ್ತಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಿರುತ್ತಾಳೆ. ದತ್ತು ಬಂದ ಮಗುವಿನ ಮನೆಯಲ್ಲಿ ಮಾತ್ರ ಈ ಮಾತು ಚುಚ್ಚುತ್ತದೆ. ಆ ತಾಯಿ ಮೊದಲೇ ಅಳುಕಿರುತ್ತಾಳೆ, ನನಗೆ ಕೂಸು ಸಂಭಾಳಿಸಲು ಬರುವುದಿಲ್ಲ ಎಂದು ಓಣಿ ಆಡಿಕೊಂಡೀತು ಎಂಬ ಹೆದರಿಕೆ ಬೇರೆ. ಹಿರಿಯರ ಮಾತು ಕೇಳಿ ನಿಜವಾಗಿಯೂ ಕೆಳಗಿಡುತ್ತಾಳೆ. ಕೆಳಗಿಡಬಾರದು ಎಂದು ಹೇಳಲಿಕ್ಕೇ ಈ ಬರಹ.

ನಮ್ಮ ಭಾಗದಲ್ಲಿ ದತ್ತು ಎಂದ ಕೂಡಲೇ ನೆನಪಾಗುವುದು ಮಗುವಲ್ಲ, ವಂಶ ಮತ್ತು ಹೊಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಬ್ರಿಟಿಷರು ಒಪ್ಪದೆ ಯುದ್ಧವೇ ಆಯಿತು. ಚೆನ್ನಮ್ಮನ ಕಥೆ ಎಲ್ಲರಿಗೂ ಗೊತ್ತು, ದತ್ತು ಬಂದ ಶಿವಲಿಂಗಪ್ಪನ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳಿದ್ದಿಲ್ಲ. ಇವತ್ತಿಗೂ ಅಷ್ಟೇ. ಉತಾರದಲ್ಲಿ ಹೆಸರು ಯಾವಾಗ ಏರುತ್ತದೆ ಎಂಬ ಚರ್ಚೆ ಕಟ್ಟೆಯ ಮೇಲೆ ನಡೆಯುತ್ತದೆ, ಮಗು ರಾತ್ರಿ ನಿದ್ದೆ ಮಾಡುತ್ತದೆಯೇ ಎಂಬುದು ನಡೆಯುವುದಿಲ್ಲ.

ನಮ್ಮಲ್ಲಿ ಬಳಗದೊಳಗಿನ ದತ್ತು ಹೊಸದೇನಲ್ಲ. ತಮ್ಮನ ಮಗನನ್ನು ಅಣ್ಣ, ಅಕ್ಕನ ಮಗಳನ್ನು ತಂಗಿ. 1956ರ ಹಿಂದೂ ದತ್ತಕ ಕಾಯ್ದೆ ಸಾಮಾನ್ಯವಾಗಿ 15 ವರ್ಷ ತುಂಬದ ಮಗುವನ್ನು ದತ್ತು ಕೊಡಲು ಬಿಡುತ್ತದೆ. ಹೋಮ ಮಾಡದಿದ್ದರೂ ನಡೆಯುತ್ತದೆ, ಆದರೆ ಮಗುವನ್ನು ನಿಜವಾಗಿ ಕೊಡಬೇಕು, ನಿಜವಾಗಿ ತೆಗೆದುಕೊಳ್ಳಬೇಕು ಎನ್ನುತ್ತದೆ ಕಾಯ್ದೆ. ನಮ್ಮವರು ಅದಕ್ಕೇ ಉಡಿಯಲ್ಲಿ ಹಾಕುವುದು ಎನ್ನುತ್ತಾರೆ. ಕಾಯ್ದೆಗೆ ಉಡಿ ಬೇಕಾದದ್ದು ಒಂದು ಗಳಿಗೆ, ಫೋಟೋ ತೆಗೆಯುವಷ್ಟು ಹೊತ್ತು. ಮಗುವಿಗೆ ಬೇಕಾದದ್ದು ತಿಂಗಳುಗಟ್ಟಲೆ.

ಬೀಳಗಿ ಕಡೆಯ ಹಳ್ಳಿಯಿಂದ ಮುಧೋಳಕ್ಕೆ ದೊಡ್ಡಮ್ಮನ ಮನೆಗೆ ದತ್ತು ಹೋದ ನಾಲ್ಕು ವರ್ಷದ ಹುಡುಗನನ್ನು ಊಹಿಸಿಕೊಳ್ಳಿ. "ಮಂದಿ ಮನಿ ಅಲ್ಲಲ್ಲ, ನಮ್ಮ ಮನಿನೇ ಐತಿ, ಯಾಕ ಅಳ್ತಾನ?" ಎನ್ನುತ್ತಾರೆ. ಹಗಲು ಕೇರಿಯ ಹುಡುಗರ ಜೊತೆ ಆಡಿಕೊಂಡಿರುವ ಹುಡುಗ ದೀಪ ಆರಿದ ಮೇಲೆ ಅಳುತ್ತಾನೆ. ಅವನಿಗೆ ಬಳಗದ ಲೆಕ್ಕ ಗೊತ್ತಿಲ್ಲ. ಗೊತ್ತಿರುವುದು ಅವ್ವನ ಮೈವಾಸನೆ, ಆಕೆಯ ಕೌದಿ, ಆಕೆ ತಟ್ಟುವ ಕೈ. ಇಲ್ಲಿನ ಕೌದಿಯ ವಾಸನೆಯೇ ಬೇರೆ. ಅಲ್ಲಿಂದ ಒಂದು ಹಳೆಯ ಸೀರೆಯೋ ಕೌದಿಯೋ ಜೊತೆಗೆ ತಂದರೆ ಅರ್ಧ ಅಳು ಕಡಿಮೆಯಾದೀತು. ಎಷ್ಟು ಮನೆಯಲ್ಲಿ ತರುತ್ತಾರೆ? ಹೊಸ ಬಟ್ಟೆ ಹಾಕಿ, ಹಳೆಯದೆಲ್ಲ ಅಲ್ಲೇ ಬಿಟ್ಟು ಕರೆತರುತ್ತಾರೆ. ಅದೇ ಶುಭ ಅಂತೆ.

ದತ್ತು ಸಂಸ್ಥೆಯಿಂದ ಬರುವ ಮಕ್ಕಳದು ಇನ್ನೊಂದು ಕಥೆ. 2022ರ ಸೆಪ್ಟೆಂಬರಿನಿಂದ ಆ ದತ್ತಿಗೆ ಕೋರ್ಟಿನ ಬದಲು ಜಿಲ್ಲಾಧಿಕಾರಿಯೇ ಆದೇಶ ಕೊಡುತ್ತಾರೆ. ಆದೇಶದ ಹಾಳೆ ಸಿಕ್ಕ ದಿನ ಪೇಢೆ ಹಂಚುತ್ತೇವೆ. ಮಗುವಿನ ಮೈ ಮಾತ್ರ ಇನ್ನೂ ಹಳೆಯ ಕೋಣೆಯಲ್ಲೇ ಇರುತ್ತದೆ. ಎತ್ತಿಕೊಂಡರೆ ಕಟ್ಟಿಗೆಯ ಹಾಗೆ ಬಿಗಿಯಾಗುವ ಮಗು, ಹಾಸಿಗೆಯಲ್ಲಿ ತನ್ನನ್ನು ತಾನೇ ಹಿಂದೆಮುಂದೆ ತೂಗಿಕೊಳ್ಳುವ ಮಗು, ಇವನ್ನು ನೋಡಿ "ಗಾಳಿ ಬಡಿದೈತಿ" ಎಂದು ತಾಯತ ಕಟ್ಟಿಸುವವರಿದ್ದಾರೆ. "ಯಾರ ರಕ್ತಾನೋ ಏನೋ" ಎನ್ನುವವರೂ ಇದ್ದಾರೆ. 1989ರ ನಂತರ ರೊಮೇನಿಯಾ ದೇಶದ ಅನಾಥಾಲಯಗಳ ಬಾಗಿಲು ತೆರೆದಾಗ ಹೀಗೆ ತಮ್ಮನ್ನು ತಾವೇ ತೂಗಿಕೊಳ್ಳುವ ಮಕ್ಕಳನ್ನು ಜಗತ್ತೇ ನೋಡಿತು. ಅದು ರಕ್ತದ ಗುಣವೂ ಅಲ್ಲ, ದೆವ್ವವೂ ಅಲ್ಲ. ತೂಗುವವರು ಇಲ್ಲದ ಕೂಸು ತನ್ನ ಕೆಲಸ ತಾನೇ ಮಾಡಿಕೊಂಡಿರುತ್ತದೆ, ಅಷ್ಟೇ.

ತೂಗುವುದರಿಂದ ಅಳು ಯಾಕೆ ನಿಲ್ಲುತ್ತದೆ ಎಂಬುದನ್ನು ಜಪಾನಿನ ರಿಕೆನ್ ಸಂಸ್ಥೆಯವರು ಅಳತೆ ಮಾಡಿ ನೋಡಿದ್ದಾರೆ. ತಾಯಿ ಕೂಸನ್ನು ಎತ್ತಿಕೊಂಡು ನಡೆದರೆ ಅದರ ಎದೆಬಡಿತ ನಿಧಾನವಾಗುತ್ತದೆ, ಎತ್ತಿಕೊಂಡು ಸುಮ್ಮನೆ ಕುಳಿತರೆ ಅಷ್ಟು ಆಗುವುದಿಲ್ಲ ಎಂದು 2013ರಲ್ಲಿ ಹೇಳಿದರು. 2022ರಲ್ಲಿ ಇನ್ನೊಂದು ಹೇಳಿದರು: ಐದು ನಿಮಿಷ ನಡೆಯಿರಿ, ನಿದ್ದೆ ಹತ್ತಿದ ಮೇಲೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತಿರಿ, ಆಮೇಲೆ ಮಲಗಿಸಿ. ನಮ್ಮ ಅಜ್ಜಿಯರಿಗೆ ಇದು ಗಡಿಯಾರವಿಲ್ಲದೆ ಗೊತ್ತಿತ್ತು. ಕಬ್ಬಿನ ಗ್ಯಾಂಗಿನ ಹೆಣ್ಣುಮಕ್ಕಳು ಬದುವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟುವುದು, ಕಲಘಟಗಿಯ ಬಣ್ಣದ ತೊಟ್ಟಿಲು ತವರಿನಿಂದ ಬರುವುದು ಎಲ್ಲ ಇದೇ ವಿದ್ಯೆ. ಬನಹಟ್ಟಿಯ ನೇಕಾರರ ಮನೆಯಲ್ಲಿ ಮಗ್ಗದ ಖಟಖಟ ನಡುವೆಯೇ ಕೂಸುಗಳು ಮಲಗಿರುತ್ತವೆ, ಕರೆಂಟು ಹೋಗಿ ಮಗ್ಗ ನಿಂತರೆ ಏಳುತ್ತವೆ! ಒಂದೇ ಲಯ ತಪ್ಪದೆ ಬರುತ್ತಿದ್ದರೆ ಮಗುವಿಗೆ ಅದೇ ಧೈರ್ಯ.

ಹೆತ್ತವಳ ಮೈಯೇ ಆಗಬೇಕು ಎಂಬ ನಂಬಿಕೆಯೊಂದಿದೆ. ಅದೂ ಸುಳ್ಳು. ಕಡಿಮೆ ತೂಕದ ಕೂಸನ್ನು ಎದೆಯ ಚರ್ಮಕ್ಕೆ ತಾಗಿಸಿ ಇಟ್ಟುಕೊಳ್ಳುವ ಕಾಂಗರೂ ಆರೈಕೆ 1978ರ ಹೊತ್ತಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು, ಈಗ ನಮ್ಮ ದೇಶದ ಆಸ್ಪತ್ರೆಗಳಲ್ಲೂ ಕಲಿಸುತ್ತಾರೆ. ಅಲ್ಲಿ ತಂದೆಯೂ ಎದೆಗೆ ಹಚ್ಚಿಕೊಳ್ಳಬಹುದು, ಅಜ್ಜಿಯೂ. ಹಾಗಿದ್ದ ಮೇಲೆ ದತ್ತು ಪಡೆದವರಿಗೆ ಯಾಕೆ ಆಗದು?

ಐದಾರು ವರ್ಷದ ಮಗು ದತ್ತು ಬಂದರೆ "ಕತ್ತಿ ಹಂಗ ಬೆಳದಾನ, ಇನ್ನೂ ತೊಡಿಮ್ಯಾಲ ಕುಂಡ್ರಿಸ್ಕೊಂತೀರಿ" ಎಂದು ನಗುತ್ತಾರೆ. ನಗಲಿ. ಆ ಮಗುವಿಗೆ ಕೂಸಾಗಿದ್ದಾಗ ಸಿಗದ ತೊಡೆ ಈಗ ಸಿಗುತ್ತಿದೆ. ದೊಡ್ಡದಾಯಿತೆಂದು ಬಾಕಿ ಮಾಫಿಯಾಗುವುದಿಲ್ಲ. ಜೋಕಾಲಿಯಲ್ಲಿ ಜೊತೆಗೆ ಕೂಡ್ರಬಹುದು, ಬೆನ್ನಮೇಲೆ ಹೊತ್ತು ಹೊಲಕ್ಕೆ ಹೋಗಬಹುದು, ತಲೆಗೆ ಎಣ್ಣೆ ಹಚ್ಚುವ ನೆವದಲ್ಲಿ ಹತ್ತಿರ ಎಳೆದುಕೊಳ್ಳಬಹುದು.

ಎಳೆದುಕೊಳ್ಳುವುದು ಎಂದೆವು, ಹಿಡಿದಿಡುವುದು ಎನ್ನಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಅಪ್ಪಿ ಹಿಡಿದು ಒತ್ತಾಯದಿಂದ ಪ್ರೀತಿ ಬರಿಸುತ್ತೇವೆ ಎಂಬ ಚಿಕಿತ್ಸೆಗಳು ಅಮೆರಿಕದಲ್ಲಿ ನಡೆದಿದ್ದವು. 2000ದಲ್ಲಿ ಕೊಲೊರಾಡೊದಲ್ಲಿ ಹತ್ತು ವರ್ಷದ ದತ್ತು ಹುಡುಗಿಯೊಬ್ಬಳು ಅಂಥ ಒಂದು ಚಿಕಿತ್ಸೆಯಲ್ಲಿ ಉಸಿರುಗಟ್ಟಿ ಸತ್ತಳು. ಮಗು ಮೈ ಬಿಗಿ ಮಾಡಿದರೆ ಕೈ ಸಡಿಲ ಬಿಡಬೇಕು. ಮೊದಲು ಹೊಡೆತ ತಿಂದ ಮಗುವಿಗೆ ಅಪ್ಪುಗೆಯೂ ಹೆದರಿಕೆಯೇ. ಪಕ್ಕದಲ್ಲಿ ಕುಳಿತು ಬರೀ ಹಾಸಿಗೆಯನ್ನು ತಟ್ಟುತ್ತಿದ್ದರೂ ಸಾಕು, ಒಂದು ದಿನ ಅದೇ ಸರಿದು ಬರುತ್ತದೆ. ಅಳು ನಿಲ್ಲದೆಂದು ಸಿಟ್ಟಿಗೆದ್ದು ಕೂಸನ್ನು ಜೋರಾಗಿ ಅಲುಗಾಡಿಸುವುದಂತೂ ಬೇಡವೇ ಬೇಡ, ಮಿದುಳಿಗೆ ಪೆಟ್ಟಾಗಿ ಜೀವ ಹೋಗಬಹುದು. ಸೀರೆಯ ಜೋಳಿಗೆಯಲ್ಲಿ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಬಾರದು, ಅದರಲ್ಲೂ ದೊಡ್ಡ ಹುಡುಗರು ಸುತ್ತಿಕೊಂಡು ಆಡಿದರೆ ಕುತ್ತಿಗೆಗೆ ಬಿಗಿಯುತ್ತದೆ.

ಇನ್ನು ಹೆಸರಿಡುವ ಸಂಭ್ರಮ. ಮನೆಗೆ ಬಂದ ವಾರದಲ್ಲೇ ಪೆಂಡಾಲು ಹಾಕಿ, ಮೈಕು ಕಟ್ಟಿ, ಇನ್ನೂರು ಜನರ ಕೈಗೆ ಮಗುವನ್ನು ದಾಟಿಸುತ್ತೇವೆ. ಯಾರು ನನ್ನವರು ಎಂದು ಇನ್ನೂ ಹುಡುಕುತ್ತಿರುವ ಮಗು ಅದು. ಎರಡು ತಿಂಗಳು ತಡೆಯಿರಿ. ಅಷ್ಟು ದಿನ ಉಣಿಸುವುದು, ಎರೆಯುವುದು, ಮಲಗಿಸುವುದು ಅವ್ವ-ಅಪ್ಪನ ಕೈಯಲ್ಲೇ ಆಗಲಿ. ಹೋಳಿಗೆ ಊಟ ಎಲ್ಲಿಗೂ ಓಡಿಹೋಗುವುದಿಲ್ಲ.

ಅಪ್ಪನ ಕೈ ಎಂದದ್ದನ್ನು ಗಮನಿಸಿ. ಗಂಡಸು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ತೂಗುತ್ತ ನಿಂತರೆ ನಮ್ಮೂರುಗಳಲ್ಲಿ ಈಗಲೂ ಮಂದಿ ತಿರುಗಿ ನೋಡುತ್ತಾರೆ. ಆದರೆ ಕಬ್ಬಿನ ಹೊಲಕ್ಕೆ ನೀರು ಹಾಯಿಸಲು ನಡುರಾತ್ರಿ ಏಳುವ ಗಂಡಸಿಗೆ ಕೂಸು ಅತ್ತಾಗ ಏಳುವುದು ಕಷ್ಟವೇನಲ್ಲ.

ಸಂಸ್ಥೆಯ ಮೂಲಕ ದತ್ತು ಪಡೆದವರ ಮನೆಯ ಸ್ಥಿತಿಗತಿಯನ್ನು ಎರಡು ವರ್ಷದ ತನಕ ಆರು ತಿಂಗಳಿಗೊಮ್ಮೆ ವಿಚಾರಿಸಿ ವರದಿ ಬರೆಯಬೇಕೆಂಬ ನಿಯಮವಿದೆ. ಬರುವ ಸಿಬ್ಬಂದಿ ಲಸಿಕೆ, ತೂಕ, ಶಾಲೆ ಕೇಳಲಿ. ಜೊತೆಗೆ ಮಗು ರಾತ್ರಿ ಯಾರ ಮಗ್ಗುಲಲ್ಲಿ ಮಲಗುತ್ತದೆ, ಅತ್ತರೆ ಯಾರ ಹತ್ತಿರ ಓಡುತ್ತದೆ ಎಂದೂ ಕೇಳಲಿ. ಬಳಗದೊಳಗೆ ದತ್ತು ಹೋದ ಮಗುವನ್ನು ಕೇಳಲು ಅಂಥ ಸಿಬ್ಬಂದಿಯೂ ಬರುವುದಿಲ್ಲ. ಅಲ್ಲಿ ಅಂಗನವಾಡಿ ಕಾರ್ಯಕರ್ತೆ, ಆಶಾ, ಇಲ್ಲವೇ ಪಕ್ಕದ ಮನೆಯ ನೀವೇ ಕೇಳಬೇಕು.